ಇಡ್ವಾಲನ ಎದೆಯ ಮೇಲಿದ್ದ ಮೈಕು

ನೆರಿಸ್ ಪ್ರಾಸರ್ ಜೊತೆ ನಾನು ಹತ್ತೊಂಬತ್ತು ವರ್ಷ ಕೆಲಸ ಮಾಡಿದ್ದೇನೆ. ನಾನು ಕ್ಯಾಮೆರಾ ಹಿಡಿಯುವವನು, ಅವಳು ಶಬ್ದ ಹಿಡಿಯುವವಳು. ಕುತ್ತಿಗೆಗೆ ಐದಾರು ಕಿಲೋ ತೂಕದ ಚೀಲ, ಕಿವಿಗೆ ಹೆಡ್‌ಫೋನ್, ಕಾಲಿಗೆ ಸದಾ ಒದ್ದೆಯಾಗಿರುವ ಹಸಿರು ಬೂಟು. ಎತ್ತರ ಐದಡಿಗೂ ಕಡಿಮೆ. ಗೊತ್ತಿಲ್ಲದವರು ನೋಡಿದರೆ ಸಂತೆಗೆ ಮೊಟ್ಟೆ ತಂದ ಹೆಂಗಸು ಎಂದುಕೊಳ್ಳಬೇಕು, ಹಾಗಿದ್ದಳು. ನಾನು ಹೇಳುತ್ತಿರುವ ಸಂಗತಿ ನಡೆದಾಗ ಅವಳಿಗೆ ಅರವತ್ತಮೂರು ವರ್ಷ.

ಅವಳಿಗೊಂದು ನೇಮವಿತ್ತು. ಅಂಗಿಯೊಳಗೆ ಮೈಕು ಸಿಕ್ಕಿಸಿಕೊಂಡವರು ಅರ್ಧ ಗಂಟೆಯಲ್ಲಿ ಅದನ್ನು ಮರೆಯುತ್ತಾರೆ. ಮರೆತು ಹೆಂಡತಿಯನ್ನು ಬೈಯುತ್ತಾರೆ, ಪೊದೆಯ ಮರೆಗೆ ಹೋಗುತ್ತಾರೆ, ಕೆಲವೊಮ್ಮೆ ಅಳುತ್ತಾರೆ. ಅದೆಲ್ಲ ನೆರಿಸ್‌ಳ ಕಿವಿಗೆ ಬೀಳುತ್ತದೆ. ಬಿದ್ದದ್ದು ಅಲ್ಲೇ ಉಳಿಯಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವಳು ಒಮ್ಮೆ ಬಾಯಿಬಿಟ್ಟಿದ್ದಳು. ಒಂದು ಉಣ್ಣೆ ಗಿರಣಿಯಲ್ಲಿ ಚಿತ್ರೀಕರಣ ನಡೆದಿತ್ತು. ಊಟದ ಬಿಡುವಿನಲ್ಲಿ ಮಗ್ಗದವನೊಬ್ಬ ತನಗೆ ಮೂರ್ಛೆ ಬರುತ್ತದೆಂದು, ಮೇಸ್ತ್ರಿಗೆ ಗೊತ್ತಿಲ್ಲವೆಂದು ಗೆಳೆಯನ ಹತ್ತಿರ ಹೇಳಿಕೊಂಡ. ನೆರಿಸ್ ಕನಿಕರದಿಂದಲೇ ಅದನ್ನು ನಿರ್ಮಾಪಕನ ಕಿವಿಗೆ ಹಾಕಿದಳು. ವಾರದೊಳಗೆ ಆ ಮನುಷ್ಯನ ಕೆಲಸ ಹೋಯಿತು. ಅಂದಿನಿಂದ ಅವಳು ಗಟ್ಟಿಯಾಗಿ ಬಾಯಿ ಮುಚ್ಚಿದಳು. ಇಷ್ಟು ವರ್ಷಗಳಲ್ಲಿ ಯಾರ ಮಾತನ್ನೂ ಇನ್ನೊಬ್ಬರಿಗೆ ದಾಟಿಸಿದ್ದು ನನಗೆ ಗೊತ್ತಿಲ್ಲ.

ನಮ್ಮದು ಮೀನು ಹಿಡಿಯುವ ಕಾರ್ಯಕ್ರಮ. ಇಬ್ಬರು ಮುದುಕರು ವೇಲ್ಸಿನ ಒಂದೊಂದು ನದಿಗೆ ಹೋಗಿ ಗಾಳ ಹಾಕಿ ಕೂರುತ್ತಾರೆ, ಅಷ್ಟೇ. ಮೀನು ಸಿಕ್ಕುವುದು ಅಪರೂಪ. ಸಿಕ್ಕರೆ ಅದಕ್ಕೊಂದು ಕ್ಷಮೆ ಕೇಳಿ ನೀರಿಗೆ ಬಿಡುತ್ತಾರೆ. ಜನ ನೋಡುತ್ತಿದ್ದುದು ಅವರ ಮಾತಿಗಾಗಿ. ಇಡ್ವಾಲ್ ಪಾರಿಗೆ ಎಪ್ಪತ್ತೆರಡು ವರ್ಷ. ಹಿಂದೆ ಒಂದು ಧಾರಾವಾಹಿಯಲ್ಲಿ ಇಪ್ಪತ್ತು ವರ್ಷ ಹಳ್ಳಿಯ ಪೊಲೀಸನ ಪಾತ್ರ ಮಾಡಿದವನು, ಎತ್ತರದ ಆಳು, ಗಂಟೆಯಂಥ ದನಿ. ಮ್ಯಾನ್ಸೆಲ್ ಬೀವನ್ ಅವನಿಗಿಂತ ಎರಡು ವರ್ಷ ದೊಡ್ಡವನು, ಕುಳ್ಳ, ಎರಡೂ ಮಂಡಿ ಸವೆದಿದ್ದವು. ಊರೂರಿನ ಸಭಾಂಗಣಗಳಲ್ಲಿ ಜನರನ್ನು ನಗಿಸಿಯೇ ಬದುಕು ಸಾಗಿಸಿದವನು. ಇವರು ದಡದ ಮೇಲೆ ಚಹಾ ಕುಡಿಯುತ್ತ ಮಂಡಿ ನೋವು, ರಕ್ತದೊತ್ತಡ, ರಾತ್ರಿ ಎಷ್ಟು ಸಲ ಏಳಬೇಕಾಗುತ್ತದೆ, ಗುಳಿಗೆ ನುಂಗಿದೆನೋ ಇಲ್ಲವೋ ಎಂಬುದನ್ನೆಲ್ಲ ಮಾತಾಡುತ್ತಿದ್ದರು. ಬೆಟ್ಟದ ಮೇಲಿನ ಕುರಿ ಸಾಕುವವರು, ಡಾಕ್ಟರ ಮುಖ ನೋಡದ ಗಂಡಸರು ಅದನ್ನು ಕೇಳಿ ಆಸ್ಪತ್ರೆಗೆ ಹೋಗಿ ತೋರಿಸಿಕೊಂಡರಂತೆ. ಹಾಗೆಂದು ಬರೆದ ಕಾಗದಗಳು ಕಚೇರಿಗೆ ಬರುತ್ತಿದ್ದವು.

ಆ ಅಕ್ಟೋಬರಿನಲ್ಲಿ ನಾವು ಡವಿ ನದಿಯ ದಡದಲ್ಲಿದ್ದೆವು, ಕೆಮೈಸ್ ಹಳ್ಳಿಗೆ ಸ್ವಲ್ಪ ಕೆಳಗೆ. ಸಾಲ್ಮನ್ ಮೀನು ಹಿಡಿಯುವ ಕಾಲ ಮುಗಿಯಲು ಎರಡೇ ದಿನ ಉಳಿದಿತ್ತು, ಬುಧವಾರ ಮತ್ತು ಗುರುವಾರ. ಗುರುವಾರ ದಾಟಿದರೆ ಮುಂದಿನ ವಸಂತದವರೆಗೆ ನೀರಿಗೆ ಗಾಳ ಹಾಕುವಂತಿಲ್ಲ. ನಮಗೆ ಇನ್ನೂ ಒಂದು ಮೀನೂ ಸಿಕ್ಕಿರಲಿಲ್ಲ. ನಿರ್ದೇಶಕ ಓಸಿಯನ್ ಮೂವತ್ನಾಲ್ಕರ ಹುಡುಗ, ಒಳ್ಳೆಯವನೇ, ಆದರೆ ಆ ವಾರ ಉಗುರು ಕಚ್ಚುತ್ತ ಓಡಾಡುತ್ತಿದ್ದ.

ಬುಧವಾರ ಮಧ್ಯಾಹ್ನ ಇಬ್ಬರೂ ದಡದಲ್ಲಿ ಕೂತು ಲೀಕ್ ಎಂಬ ಈರುಳ್ಳಿ ಜಾತಿಯ ಸೊಪ್ಪು ಹಾಕಿದ ಕುರಿಮಾಂಸದ ಸಾರು ಕುಡಿಯುತ್ತಿದ್ದರು. ಕ್ಯಾಮೆರಾ ಓಡುತ್ತಿತ್ತು. ಮ್ಯಾನ್ಸೆಲ್ ತನ್ನ ಗುಳಿಗೆಯ ಡಬ್ಬಿ ತೆಗೆದ. ವಾರದ ಏಳು ದಿನಕ್ಕೆ ಏಳು ಮನೆ ಇರುವ ಪ್ಲಾಸ್ಟಿಕ್ ಡಬ್ಬಿ.

"ಬುಧವಾರದ್ದು ನೋಡು, ಇಡ್ವಾಲ್. ಆರು. ಬಿಳಿಯದು ರಕ್ತ ತೆಳ್ಳಗಾಗೋಕೆ, ಗುಲಾಬಿಯದು ಕೊಬ್ಬಿಗೆ. ಈ ಹಳದಿ ಯಾಕೇಂತ ನಂಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಬಣ್ಣ ಚೆನ್ನಾಗಿದೆ ಅಂತ ಕೊಟ್ಟಿರ್ಬೇಕು. ನಿಂದೆಷ್ಟು?"

"ನಂದೊಂದೂ ಇಲ್ಲ."

"ಒಂದೂ ಇಲ್ವಾ? ಎಪ್ಪತ್ತೆರಡಕ್ಕೆ?"

"ಹೋದ ತಿಂಗಳು ಡಾಕ್ಟರಮ್ಮ ಎದೆ ಮೇಲೆ ಕೊಳವೆ ಇಟ್ಟು ಕೇಳಿದ್ರು. ಪಾರಿಯವರೇ, ಇದು ಎತ್ತಿನ ಗುಂಡಿಗೆ, ನನ್ನ ಮಣ್ಣು ಮಾಡೋಕೆ ನೀವೇ ಬರ್ತೀರಿ ಅಂದ್ರು."

ಮ್ಯಾನ್ಸೆಲ್ ನಕ್ಕ. ನಾವೂ ನಕ್ಕೆವು. ಓಸಿಯನ್ ಸಾಕು ಎಂದು ಕೈ ತೋರಿಸಿದ. ಇಡ್ವಾಲ್ ಎದ್ದು, ಒಂದು ಫೋನು ಮಾಡಬೇಕು ಎನ್ನುತ್ತ ಹಿಂದಿನ ದಿಬ್ಬದ ಕಡೆ ನಡೆದ. ಆ ಜಾಗದಲ್ಲಿ ಸಿಗ್ನಲ್ ಸಿಗುತ್ತಿದ್ದುದು ದಿಬ್ಬದ ಮೇಲೆ, ಮರಗಳ ಹಿಂದೆ ಮಾತ್ರ.

ಹೀಗೆ ಯಾರಾದರೂ ಎದ್ದು ಹೋದಾಗ ನೆರಿಸ್ ಅವರ ಮೈಕಿನ ದನಿ ತಗ್ಗಿಸುತ್ತಿದ್ದಳು. ಅವತ್ತು ಅವಳ ಬೆರಳು ಗುಂಡಿಯ ಮೇಲೆ ಹೋಗುವಷ್ಟರಲ್ಲಿ ಇಡ್ವಾಲನ ಉಸಿರು ಕೇಳಿಸಿತು. ಮೂವತ್ತು ಹೆಜ್ಜೆಯ ದಿಬ್ಬ. ಅಷ್ಟಕ್ಕೆ ಅವನು ಮೂರು ಸಲ ನಿಂತ. ಅವಳ ಬೆರಳು ಅಲ್ಲೇ ಉಳಿಯಿತು.

"ನಾನು ಇಡ್ವಾಲ್ ಪಾರಿ ಮಾತಾಡ್ತಿರೋದು, ಸಿಸ್ಟರ್. ಹೌದು, ಬೆಳಿಗ್ಗೆ ಮತ್ತೆ ಬಂತು. ಮೂರನೇ ಸಲ. ಎದೆಯಿಂದ ದವಡೆವರೆಗೂ ಹಿಡ್ಕೊಳ್ಳುತ್ತೆ... ನಾಲಿಗೆ ಕೆಳಗೆ ಹೊಡೀತೀನಲ್ಲ, ಆ ಸ್ಪ್ರೇ, ಅದಕ್ಕೆ ಕಮ್ಮಿ ಆಯ್ತು... ಇಲ್ಲ, ಇವತ್ತಾಗಲ್ಲ. ಶುಕ್ರವಾರ ಬರ್ತೀನಿ... ಡಾಕ್ಟರಮ್ಮ ಹೇಳಿದ್ದು ನೆನಪಿದೆ. ಆಂಬುಲೆನ್ಸ್ ಬೇಡ. ಬೇಡ ಅಂದ್ನಲ್ಲ! ಬೆರಿಲ್‌ಗೆ ಫೋನ್ ಮಾಡಿದ್ರೆ ನಾನು ಜನ್ಮದಲ್ಲಿ ನಿಮ್ಮ ಕಡೆ ಕಾಲಿಡಲ್ಲ."

ಬೆರಿಲ್ ಅವನ ಹೆಂಡತಿ. ನೆರಿಸ್ ಗುಂಡಿ ತಿರುಗಿಸಿ ದನಿ ಮುಚ್ಚಿದಳು. ಇದೆಲ್ಲ ಆಮೇಲೆ ಅವಳೇ ನನಗೆ ಹೇಳಿದ್ದು. ಆ ಹೊತ್ತಿನಲ್ಲಿ ನಾನು ಅವಳಿಂದ ನಾಲ್ಕು ಗಜ ದೂರದಲ್ಲಿ ಬ್ರೆಡ್ಡು ತಿನ್ನುತ್ತಿದ್ದೆ. ಅವಳ ಮುಖ ಬಿಳಿಚಿಕೊಂಡಿದ್ದನ್ನು ನೋಡಿ ಚಳಿ ಅಂದುಕೊಂಡೆ.

ಸಂಜೆ ನಾಲ್ಕಕ್ಕೆ ಕೆಲಸ ಮುಗಿಸಿದೆವು. ಮೈಕು ಬಿಚ್ಚುವುದು ಅವಳ ಕೆಲಸ. ವ್ಯಾನಿನ ಹಿಂದೆ ಇಡ್ವಾಲ್ ಸ್ವೆಟರ್ ಎತ್ತಿ ನಿಂತ. ಎದೆಗೆ ಅಂಟಿಸಿದ ಪಟ್ಟಿಯನ್ನು ಬಿಡಿಸುತ್ತ ನೆರಿಸ್ ತಲೆ ಎತ್ತದೆ ಹೇಳಿದಳು.

"ಮೈಕು ಆನ್ ಇತ್ತು, ಇಡ್ವಾಲ್. ನೀನು ದಿಬ್ಬ ಹತ್ತಿದಾಗ."

ಅವನು ಸ್ವೆಟರ್ ಕೆಳಗೆಳೆದುಕೊಂಡ. "ಎಷ್ಟು ಕೇಳಿಸ್ಕೊಂಡೆ?"

"ಪೂರ್ತಿ."

"ಕಿವಿ ಮುಚ್ಕೋಬೇಕಿತ್ತು ನೀನು."

"ನಡಿ, ಕಾರಲ್ಲಿ ಕೂತ್ಕೋ. ಈಗಲೇ ಆಸ್ಪತ್ರೆಗೆ ಹೋಗೋಣ. ಯಾರಿಗೂ ಹೇಳಲ್ಲ, ನನ್ನ ಹಲ್ಲು ನೋವಿಗೆ ನೀನು ಜೊತೆಗೆ ಬಂದೆ ಅಂತೀನಿ."

"ನಾಳೆ ಒಂದು ದಿನ, ನೆರಿಸ್. ಒಂದೇ ದಿನ. ಈಗ ನಿಂತ್ರೆ ಈ ಕಾರ್ಯಕ್ರಮ ಮುಗೀತು. ವಿಮೆಯವರು ಈ ಮುದುಕನ್ನ ಇನ್ಮೇಲೆ ನೀರಿನ ಹತ್ರ ಬಿಡ್ಬೇಡಿ ಅಂತಾರೆ. ನಂಗೇನೋ ಬೆರಿಲ್ ಇದಾಳೆ, ತೋಟ ಇದೆ. ಮ್ಯಾನ್ಸೆಲ್‌ಗೆ ಏನಿದೆ? ಹೆಂಡ್ತಿ ಹೋದ್ಮೇಲೆ ಅವನು ಬೆಳಿಗ್ಗೆ ಎದ್ದು ಗಡ್ಡ ಮಾಡ್ಕೊಳ್ಳೋದೇ ಇದಕ್ಕೋಸ್ಕರ ಕಣೇ."

ಅದು ಸುಳ್ಳಾಗಿರಲಿಲ್ಲ. ನೆರಿಸ್‌ಗೆ ಗಿರಣಿಯವನ ನೆನಪೂ ಬಂತಂತೆ. ಕೊನೆಗೆ ಅವಳು ಒಂದು ಮಾತು ತೆಗೆದುಕೊಂಡಳು: ನಾಳೆ ನೀರಿಗೆ ಇಳಿಯಬಾರದು, ದಡದಲ್ಲೇ ಕೂರಬೇಕು, ಸ್ಪ್ರೇ ಜೇಬಿನಲ್ಲಿರಬೇಕು, ಸಂಜೆ ಚಿತ್ರೀಕರಣ ಮುಗಿದ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಇಡ್ವಾಲ್ ಅವಳ ಎರಡೂ ಕೈ ಹಿಡಿದು ಒಪ್ಪಿದ. ಅವಳು ಮನೆಗೆ ಹೋದಳು. ಗಂಡ ಹೈವೆಲ್‌ಗೂ ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಬೆಟ್ಟದ ಮೇಲೆಲ್ಲೋ ಮಳೆಯಾಗಿ ನೀರು ಒಂದಡಿ ಏರಿತ್ತು. ಮೀನಿಗೆ ಒಳ್ಳೆಯ ನೀರು. ನದಿ ಕಾಯುವ ಗ್ಲಿನ್, ಆಚೆ ದಡದ ಬಂಡೆಯ ಕೆಳಗೆ ಒಂದು ಸಾಲ್ಮನ್ ನಿಂತಿದೆ, ಈ ದಡದಿಂದ ಗಾಳ ಅಲ್ಲಿಗೆ ಮುಟ್ಟುವುದಿಲ್ಲ ಎಂದ. ಯಾರಾದರೂ ಸೊಂಟಮಟ್ಟದ ನೀರಿಗೆ ಇಳಿಯಬೇಕು. ಮ್ಯಾನ್ಸೆಲ್‌ನ ಮಂಡಿಗೆ ಅದು ಆಗದ ಮಾತು.

"ನಾನಿಳೀತೀನಿ" ಎಂದ ಇಡ್ವಾಲ್.

ನಾನು ಕ್ಯಾಮೆರಾ ಕಾಲು ಊರುತ್ತಿದ್ದೆ. ನೆರಿಸ್ ಅವನ ಕಡೆ ನೋಡಿದಳು. ಅವನು ಅವಳ ಕಡೆ ನೋಡದೆ, ಎದೆಮಟ್ಟ ಬರುವ ರಬ್ಬರ್ ಉಡುಪಿಗೆ ಕಾಲು ತೂರಿಸುತ್ತಿದ್ದ.

ಮೈಕು ಸಿಕ್ಕಿಸುವಾಗ ಅವಳು ಪಿಸುಗುಟ್ಟಿದಳು. "ನಿನ್ನೆ ಏನು ಹೇಳಿದ್ದೆ ನಂಗೆ?"

"ರಾತ್ರಿ ಚೆನ್ನಾಗಿ ನಿದ್ದೆ ಬಂತು. ಇವತ್ತು ಏನೂ ಇಲ್ಲ. ಹತ್ತೇ ನಿಮಿಷ, ತಾಯಿ."

"ನಾನು ಓಸಿಯನ್‌ಗೆ ಹೇಳ್ತೀನಿ."

"ಹೇಳು. ನನ್ನ ಕಥೆ ಮುಗಿಸಿದೋಳು ನೀನೇ ಅಂತ ಆಗ್ಲಿ." ಅವನು ಕಟುವಾಗಿ ಹೇಳಿ ಹೊರಟೇಬಿಟ್ಟ.

ಇಡ್ವಾಲ್ ನೀರಿನ ಅಂಚಿಗೆ ಬಂದ. ಓಸಿಯನ್ ಕೈ ಎತ್ತಿದ. ಎಲ್ಲರೂ ಸಿದ್ಧ. ಆಗ ನೆರಿಸ್ ಕೂಗಿದಳು.

"ನಿಲ್ಲಿಸಿ! ವಿಮಾನ."

ಆ ಕಣಿವೆಯಲ್ಲಿ ವಾಯುಪಡೆಯ ಜೆಟ್‌ಗಳು ಬೆಟ್ಟದ ಸಂದಿಯಲ್ಲಿ ನುಗ್ಗಿ ಹೋಗುವುದು ದಿನನಿತ್ಯದ ಗೋಳು. ಶಬ್ದದವರು ವಿಮಾನ ಎಂದರೆ ಯಾವ ನಿರ್ದೇಶಕನೂ ಎದುರಾಡುವಂತಿಲ್ಲ. ಕಾದೆವು. ಎರಡು ನಿಮಿಷ, ಮೂರು ನಿಮಿಷ. ಜೆಟ್ ಬರಲಿಲ್ಲ. ಬೇರೆ ಕಣಿವೆಗೆ ತಿರುಗಿರಬೇಕು ಎಂದಳು ನೆರಿಸ್.

ಮತ್ತೆ ಸಿದ್ಧವಾದೆವು. ಇಡ್ವಾಲ್ ಒಂದು ಹೆಜ್ಜೆ ನೀರಿಗಿಟ್ಟ.

"ನಿಲ್ಲಿಸಿ. ಯಾರೋ ಮರ ಕೊಯ್ತಿದಾರೆ, ಗರಗಸದ ಸದ್ದು."

ಗ್ಲಿನ್ ತನ್ನ ಜೀಪಿನಲ್ಲಿ ಹೋಗಿ ಸುತ್ತಿ ಬಂದ. ಇಪ್ಪತ್ತು ನಿಮಿಷ ಹೋಯಿತು. "ಯಾರೂ ಇಲ್ಲ. ಎರಡು ತೋಟದವರನ್ನೂ ಕೇಳ್ಕೊಂಡು ಬಂದೆ."

ಮೂರನೇ ಸಲ ಮೈಕಿನ ಬ್ಯಾಟರಿ. ನಾಲ್ಕನೇ ಸಲ ಯಾವುದೋ ಟ್ರ್ಯಾಕ್ಟರು. ಐದನೇ ಸಲ ಮತ್ತೆ ವಿಮಾನ. ನಾನು ಆಕಾಶ ನೋಡಿದೆ. ಒಂದು ಗಿಡುಗ ತೇಲುತ್ತಿತ್ತು, ಮತ್ತೇನೂ ಇರಲಿಲ್ಲ. ಇಡ್ವಾಲ್ ದಡದ ಕಲ್ಲಿನ ಮೇಲೆ ಕೂತು ನೆರಿಸ್‌ಳನ್ನು ದುರುಗುಟ್ಟಿ ನೋಡುತ್ತಿದ್ದ. ಮ್ಯಾನ್ಸೆಲ್ ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿದ. ಹೀಗೆ ಮಧ್ಯಾಹ್ನ ದಾಟಿ ಬೆಳಕು ಬೆಟ್ಟದ ಹಿಂದೆ ಸರಿಯತೊಡಗಿತ್ತು.

ಓಸಿಯನ್ ಅವಳ ಹತ್ತಿರ ಬಂದು ಇನ್ನೊಂದು ಹೆಡ್‌ಫೋನ್ ಸಿಕ್ಕಿಸಿಕೊಂಡ. ಒಂದು ನಿಮಿಷ ಕೇಳಿದ.

"ನೆರಿಸ್, ನದಿ ಬಿಟ್ರೆ ನಂಗೆ ಏನೂ ಕೇಳಿಸ್ತಿಲ್ಲ."

"ನಂಗೆ ಕೇಳಿಸ್ತಿದೆ."

ಎಲ್ಲರಿಗೂ ಸಿಟ್ಟು, ಚಳಿ. ಆಗ ನಾನು ಒಂದು ಮಾತು ಆಡಿದೆ. "ಅರವತ್ತು ದಾಟಿದ್ಮೇಲೆ ಕಿವಿಯೊಳಗೇ ಜೇನು ಕಟ್ಟುತ್ತಂತೆ, ಓಸಿಯನ್. ಅದೇ ಗುಂಯ್ ಅಂತಿರ್ಬೇಕು." ಗ್ಲಿನ್ ನಕ್ಕ. ಓಸಿಯನ್ ನಗಲಿಲ್ಲ. ಅವನು ಮೆಲ್ಲಗೆ, ನೋಯಿಸಬಾರದೆಂಬ ದನಿಯಲ್ಲಿ ಕೇಳಿದ.

"ನೀವು ಇತ್ತೀಚೆಗೆ ಕಿವಿ ತೋರಿಸ್ಕೊಂಡಿದೀರಾ?"

ನೆರಿಸ್ ಕೆಂಪಾದಳು. ಶಬ್ದ ಹಿಡಿಯುವವಳಿಗೆ ಇದಕ್ಕಿಂತ ಕೆಟ್ಟ ಮಾತಿಲ್ಲ. ನಾಲ್ಕು ಜನರ ಎದುರು ಬಂದರೆ ಇಡೀ ಉದ್ಯೋಗದ ಮಂದಿಗೆ ವಾರದೊಳಗೆ ತಲುಪುವ ಮಾತು ಅದು. ಅವಳು ಇಡ್ವಾಲನತ್ತ ನೋಡಿದಳು. ಈಗಲಾದರೂ ಅವನು ಬಾಯಿಬಿಡಲಿ ಎಂದು ಕಾದಳೆಂದು ಈಗ ನನಗೆ ಅನ್ನಿಸುತ್ತದೆ. ಅವನು ಮುಖ ತಿರುಗಿಸಿದ.

"ಇರಬಹುದು" ಎಂದಳು ನೆರಿಸ್. "ನನ್ನ ಕಿವಿ ಕೆಟ್ಟಿರಬಹುದು. ಇವತ್ತಿಗೆ ಈ ದೃಶ್ಯ ಬಿಡಿ, ಬೇರೆಯವರನ್ನ ಕರೆಸಿ."

"ಇವತ್ತು ಬಿಟ್ರೆ ಮತ್ತೆಲ್ಲಿದೆ ದಿನ?" ಓಸಿಯನ್ ತಿರುಗಿ ಕೂಗಿದ. "ಶಬ್ದ ಹೇಗಾದ್ರೂ ಬರ್ಲಿ. ಇಳೀರಿ, ಇಡ್ವಾಲ್."

ಇಡ್ವಾಲ್ ಇಳಿದ. ಕೈಯಲ್ಲಿ ಗಾಳದ ಕೋಲು, ಇನ್ನೊಂದು ಕೈಯಲ್ಲಿ ಊರುಗೋಲು. ನಾನು ಉದ್ದ ಲೆನ್ಸಿನಲ್ಲಿ ಅವನ ಮುಖ ತುಂಬಿಕೊಂಡೆ. ಮಂಡಿ ಮಟ್ಟ, ತೊಡೆ ಮಟ್ಟ, ಸೊಂಟ. ಅವನು ಒಳ್ಳೆಯ ನಟ. ನಗುತ್ತ, ಹಿಂದೆ ದಡದಲ್ಲಿ ಕೂತ ಮ್ಯಾನ್ಸೆಲ್‌ಗೆ ಮಾತು ಎಸೆಯುತ್ತ ಹೋಗುತ್ತಿದ್ದ.

"ತಣ್ಣಗಿದೆ ಕಣೋ! ನೀನಾಗಿದ್ರೆ ಇಷ್ಟೊತ್ತಿಗೆ ಅವ್ವಾ ಅಂತಿದ್ದೆ."

ನನ್ನ ಕಣ್ಣಿಗೆ ಕಂಡದ್ದು ಗಟ್ಟಿಮುಟ್ಟಾದ ಒಬ್ಬ ಮುದುಕ, ಕೆನ್ನೆಯ ಮೇಲೆ ಬಿಸಿಲು. ನೆರಿಸ್ ಕೇಳುತ್ತಿದ್ದುದು ಬೇರೆ. ಮಾತಿನ ನಡುವೆ ಉಸಿರು ತುಂಡಾಗುತ್ತಿತ್ತು. ಒಂದು ಸಲ ಗಂಟಲಲ್ಲಿ ಏನೋ ನುಂಗಿದಂತೆ. ಆಮೇಲೆ ತೀರ ಸಣ್ಣಗೆ ಒಂದು ಶಬ್ದ, ಬಾಗಿಲ ಸಂದಿಗೆ ಬೆರಳು ಸಿಕ್ಕಿದವನು ಕೂಗದೆ ತಡೆದುಕೊಂಡಂಥದು. ಸ್ಪ್ರೇ ಇದ್ದ ಜೇಬು ರಬ್ಬರ್ ಉಡುಪಿನ ಒಳಗಿತ್ತು. ಬೆರಳು ರಬ್ಬರನ್ನು ಕೆರೆಯುವ ಸದ್ದು ಅವಳಿಗೆ ಕೇಳಿಸಿತು.

ಅವಳು ಹೆಡ್‌ಫೋನ್ ಕಿತ್ತೆಸೆದಳು.

"ಗ್ಲಿನ್! ಹಿಡ್ಕೋ ಅವನ್ನ! ಎದೆ ನೋವು ಬರ್ತಿದೆ ಅವನಿಗೆ! ನಿನ್ನೆಯಿಂದ ಬರ್ತಿದೆ!"

ಗ್ಲಿನ್ ಹಗ್ಗ ಹಿಡಿದು ಇಪ್ಪತ್ತು ಗಜ ಕೆಳಗೆ ನಿಂತಿದ್ದ. ಅವನು ಓಸಿಯನ್ ಕಡೆ ನೋಡಿದ. ಓಸಿಯನ್ ನನ್ನ ಕಡೆ ನೋಡಿದ. ನಾನು ಲೆನ್ಸಿನೊಳಗೆ ನೋಡಿದೆ. ಇಡ್ವಾಲ್ ಇನ್ನೂ ನಗುತ್ತಿದ್ದ. ಬೆಳಿಗ್ಗೆಯಿಂದ ಇಲ್ಲದ ವಿಮಾನ ಕೇಳಿಸಿಕೊಂಡವಳ ಮಾತು. ಹೀಗೆ ನಾವು ಮೂವರು ಗಂಡಸರು ನಾಲ್ಕೈದು ಸೆಕೆಂಡು ಕಳೆದೆವು.

ಮ್ಯಾನ್ಸೆಲ್ ಕಳೆಯಲಿಲ್ಲ. ಕೈಯಲ್ಲಿದ್ದ ಚಹಾದ ಲೋಟ ಬಿಸಾಡಿ, ಉಣ್ಣೆಯ ಪ್ಯಾಂಟು, ಬೂಟಿನಲ್ಲೇ ನೀರಿಗೆ ಬಿದ್ದ. ಇಳಿದ ಎನ್ನುವ ಹಾಗಿರಲಿಲ್ಲ, ಬಿದ್ದೇ ಬಿದ್ದ. ಎದ್ದು, ಸವೆದ ಮಂಡಿಗಳಲ್ಲಿ ಪ್ರವಾಹವನ್ನು ನೂಕಿಕೊಂಡು ಹೋದ. ಅದನ್ನು ನೋಡಿ ಗ್ಲಿನ್ ಓಡಿದ. ಇಬ್ಬರೂ ಎರಡು ಕಂಕುಳಿಗೆ ಕೈಕೊಟ್ಟು ಇಡ್ವಾಲನನ್ನು ತಿರುಗಿಸಿದಾಗ ಅವನು ರೇಗಿದ.

"ಬಿಡ್ರೋ ನನ್ನ! ಏನೂ ಆಗಿಲ್ಲ! ಅವಳಿಗೆ ತಲೆ ಕೆಟ್ಟಿದೆ!"

ದಡ ಹತ್ತಿದ ಮೇಲೆ ಅವನು ಹುಲ್ಲಿನ ಮೇಲೆ ಕೂತ. ಮುಖದ ಬಣ್ಣ ಹೋಯಿತು, ಹಣೆಯಲ್ಲಿ ಬೆವರು ಸಾಲಾಗಿ ಇಳಿಯಿತು. ಮುಷ್ಟಿಯನ್ನು ಎದೆಯ ನಡುವೆ ಒತ್ತಿ ಹಿಡಿದ.

ಓಸಿಯನ್ ದಿಬ್ಬದ ಮೇಲೆ ಫೋನು ಹಿಡಿದು, ಆಂಬುಲೆನ್ಸಿನವರು ಹೇಳಿದ್ದನ್ನು ಅಲ್ಲಿಂದ ಕೂಗಿ ಹೇಳುತ್ತಿದ್ದ. ಗ್ಲಿನ್ ಚಾಕುವಿನಿಂದ ರಬ್ಬರ್ ಸೀಳಿದ. ನೆರಿಸ್ ಸ್ಪ್ರೇ ತೆಗೆದು ಇಡ್ವಾಲನ ನಾಲಿಗೆಯ ಕೆಳಗೆ ಹೊಡೆದಳು.

"ಆಸ್ಪಿರಿನ್ ಇದೆಯಾ ಕೇಳ್ತಿದಾರೆ! ಮುನ್ನೂರು! ಅವರಿಗೆ ಅದು ಆಗುತ್ತಾ?"

"ಆಗುತ್ತೆ" ಎಂದಳು ನೆರಿಸ್, ಇಡ್ವಾಲ್ ತಲೆ ಆಡಿಸಿದ್ದನ್ನು ನೋಡಿ. ಮ್ಯಾನ್ಸೆಲ್ ಆಗಲೇ ಜೇಬಿಗೆ ಕೈ ಹಾಕಿದ್ದ. ಡಬ್ಬಿಯೊಳಗೆ ನೀರು ನುಗ್ಗಿತ್ತು. ಶುಕ್ರವಾರ, ಶನಿವಾರ, ಭಾನುವಾರ, ಸೋಮವಾರದ ಮನೆಗಳಿಂದ ನಾಲ್ಕು ಬಿಳಿ ಗುಳಿಗೆ ಹೆಕ್ಕಿದ. ರಕ್ತ ತೆಳ್ಳಗಾಗಿಸುವ ಆ ಗುಳಿಗೆ ಆಸ್ಪಿರಿನ್ನೇ, ಒಂದೊಂದು ಎಪ್ಪತ್ತೈದು ಮಿಲಿಗ್ರಾಮಿನದು.

"ಅಗಿ. ನುಂಗ್ಬೇಡ, ಅಗಿ. ಎತ್ತಿನ ಗುಂಡಿಗೆಯಂತೆ! ಹೋರಿ ಹಾಗೆ ಬೆಳೆದು ಸುಳ್ಳು ಹೇಳ್ತೀಯಲ್ಲೋ, ನಾಚಿಕೆ ಇಲ್ವಾ ನಿಂಗೆ? ನನ್ನ ಕಡೆ ನೋಡು. ಕಣ್ಣು ಮುಚ್ಚಿದ್ರೆ ಒದೀತೀನಿ."

ಮ್ಯಾನ್ಸೆಲ್ ಚಳಿಗೆ ಹಲ್ಲು ಕಟಕಟಿಸುತ್ತ ಬೈಯುತ್ತಲೇ ಇದ್ದ, ಒಂದು ಗಳಿಗೆಯೂ ನಿಲ್ಲಿಸಲಿಲ್ಲ. ನಾವು ಇದ್ದಬದ್ದ ಕೋಟುಗಳನ್ನೆಲ್ಲ ಇಬ್ಬರ ಮೇಲೂ ಹೊದಿಸಿದೆವು. ಹತ್ತು ನಿಮಿಷ. ಹದಿನೈದು. ಇಡ್ವಾಲನ ಉಸಿರು ಗೊರಗೊರ ಎನ್ನುತ್ತಿತ್ತು. ನೆರಿಸ್ ಅವನ ತಲೆಯ ಹತ್ತಿರ ಮಂಡಿಯೂರಿ ಕೂತಿದ್ದವಳು ತಟ್ಟನೆ ತಲೆ ಎತ್ತಿದಳು.

"ಹೆಲಿಕಾಪ್ಟರ್."

ಯಾರಿಗೂ ಏನೂ ಕೇಳಿಸಲಿಲ್ಲ. ಅರ್ಧ ನಿಮಿಷ ಕಳೆದು ಬೆಟ್ಟದ ನೆತ್ತಿ ದಾಟಿ ಕೆಂಪು ಹೆಲಿಕಾಪ್ಟರ್ ಕಾಣಿಸಿತು. ಎದುರಿನ ಕುರಿಗಳು ಚೆದುರಿ ಓಡಿದವು.

ಇಡ್ವಾಲ್ ಬದುಕಿದ. ಹೃದಯದ ಎರಡು ನಾಳ ಹೆಚ್ಚುಕಡಿಮೆ ಮುಚ್ಚಿಹೋಗಿದ್ದವು. ಅದೇ ಸಂಜೆ ಅವುಗಳನ್ನು ತೆರೆದು ಒಳಗೆ ಬಲೆಯಂಥ ಕೊಳವೆ ಕೂರಿಸಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು.

ಎಲ್ಲರೂ ನೆರಿಸ್‌ಳನ್ನು ಹೊಗಳುತ್ತಾರೆಂದು ನಾನು ಎಣಿಸಿದ್ದೆ. ನಡೆದದ್ದು ಬೇರೆ. ಮರುದಿನ ಓಸಿಯನ್ ಅವಳನ್ನು ಕರೆಸಿದ. ನಾನೂ ಅಲ್ಲಿದ್ದೆ. ಅವನ ಕಣ್ಣು ಕೆಂಪಾಗಿದ್ದವು, ನಿದ್ದೆ ಮಾಡಿರಲಿಲ್ಲ.

"ಬುಧವಾರ ಮಧ್ಯಾಹ್ನವೇ ಗೊತ್ತಿತ್ತು ನಿಮಗೆ."

"ಗೊತ್ತಿತ್ತು."

"ವಿಮಾನ, ಗರಗಸ ಎಲ್ಲ ಹೇಳಿದ್ರಿ. ಈ ಮನುಷ್ಯನಿಗೆ ಎದೆ ನೋವಿದೆ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ? ನಾನೇ ಅವರನ್ನ ನೀರಿಗೆ ಇಳಿಸಿದೆ, ನೆರಿಸ್. ಅವರು ಅಲ್ಲೇ ಹೋಗಿದ್ರೆ? ಸಾಯೋವರೆಗೂ ಅದನ್ನ ಹೊತ್ಕೊಂಡು ತಿರುಗ್ಬೇಕಿದ್ದೋನು ನಾನು."

ನೀನು ಹೇಳಿದ್ದು ಸರಿ ಎಂದಷ್ಟೇ ಹೇಳಿ ನೆರಿಸ್ ಚೀಲ ಎತ್ತಿಕೊಂಡಳು. ಹೊರಗೆ ಬಂದಾಗ ನಾನು ಕಿವಿಯ ಬಗ್ಗೆ ಆಡಿದ ಮಾತಿಗೆ ಕ್ಷಮೆ ಕೇಳಿದೆ. "ಅದು ಬಿಡು, ಗೆಥಿನ್. ಅದಕ್ಕಿಂತ ದೊಡ್ಡದು ಇದೆ ನಂಗೆ ಯೋಚ್ನೆ ಮಾಡೋಕೆ" ಎಂದಳು.

ನಾಲ್ಕನೇ ದಿನ ಅವಳು ಆಸ್ಪತ್ರೆಗೆ ಹೋದಳು. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಇಡ್ವಾಲ್ ದಿಂಬಿಗೆ ಒರಗಿದ್ದ, ಬೆರಿಲ್ ಪಕ್ಕದಲ್ಲಿ ಕೂತಿದ್ದಳು. ಅವನ ಸಿಟ್ಟು ಇನ್ನೊಂದು ಬಗೆಯದು.

"ಎಲ್ಲರೆದುರು ಕೂಗ್ಬಿಟ್ಟೆ ನೀನು."

"ಹೌದು."

"ಇನ್ಮೇಲೆ ಯಾವನೂ ನನ್ನ ಬಚ್ಚಲ ನೀರಿಗೂ ಇಳಿಸಲ್ಲ."

"ಇಳಿಸ್ಬಾರದು" ಎಂದಳು ಬೆರಿಲ್. ಆಮೇಲೆ ನೆರಿಸ್ ಕಡೆ ತಿರುಗಿದಳು. "ಬುಧವಾರ ಸಂಜೆ ನಂಗೆ ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲೇ. ನಾನು ಇವರ ಕಿವಿ ಹಿಡಿದು ಎಳ್ಕೊಂಡು ಹೋಗ್ತಿದ್ದೆ."

ಹೇಳಿದ್ದಕ್ಕೆ ಒಬ್ಬನ ಸಿಟ್ಟು, ಹೇಳದ್ದಕ್ಕೆ ಇಬ್ಬರ ಸಿಟ್ಟು. ನೆರಿಸ್ ಜೇಬಿನಿಂದ ಉಗುರಿನಷ್ಟು ಸಣ್ಣ ಕಾರ್ಡೊಂದನ್ನು ತೆಗೆದು ಇಡ್ವಾಲನ ಹಾಸಿಗೆಯ ಮೇಲಿಟ್ಟಳು. ಯಂತ್ರ ಆಗ ಇನ್ನೂ ಓಡುತ್ತಿದ್ದುದರಿಂದ ದಿಬ್ಬದ ಮೇಲಿನ ಫೋನಿನ ಮಾತು ಅದರಲ್ಲಿ ದಾಖಲಾಗಿತ್ತು. ಅದನ್ನು ಅವಳು ಕಚೇರಿಗೆ ಕೊಟ್ಟಿರಲಿಲ್ಲ. "ಇದು ನಿಂದು. ಮುರಿದು ಎಸೆದ್ರೂ ಸರಿ, ಇಟ್ಕೊಂಡ್ರೂ ಸರಿ" ಎಂದು ಹೇಳಿ ಬಂದುಬಿಟ್ಟಳು. ದಾರಿಯುದ್ದಕ್ಕೂ ಅವಳು ಅತ್ತಳು. ನಾನು ರಸ್ತೆ ನೋಡುತ್ತ ಕಾರು ಓಡಿಸಿದೆ.

ಮುಂದಿನ ಸರಣಿಗೆ ಅವಳಿಗೆ ಕರೆ ಬರಲಿಲ್ಲ. ಯಾರೂ ಬೇಡ ಎನ್ನಲಿಲ್ಲ; ಫೋನು ಬರಲಿಲ್ಲ, ಅಷ್ಟೇ. ಅವಳೂ ಕೇಳಲಿಲ್ಲ. ಪ್ರಾರ್ಥನಾಮಂದಿರದ ಗಾಯನ ಮೇಳದವರು ಕರೆದರು, ಕಣ್ಣಿಲ್ಲದವರಿಗೆ ಸ್ಥಳೀಯ ಪತ್ರಿಕೆ ಓದಿ ಧ್ವನಿಮುದ್ರಿಸುವವರು ಕರೆದರು. ಆ ಕೆಲಸ ಮಾಡಿಕೊಂಡಿದ್ದಳು.

ಫೆಬ್ರವರಿಯಲ್ಲಿ ಡವಿ ನದಿಯ ಕಂತು ಪ್ರಸಾರವಾಯಿತು. ಇಡ್ವಾಲ್ ಸುಧಾರಿಸಿಕೊಂಡ ಮೇಲೆ ಓಸಿಯನ್ ಇಬ್ಬರನ್ನೂ ಅದೇ ದಡಕ್ಕೆ ಕರೆದೊಯ್ದು, ಕುರ್ಚಿಯಲ್ಲಿ ಕೂರಿಸಿ, ಗಾಳವಿಲ್ಲದೆ ಚಿತ್ರೀಕರಿಸಿದ್ದ. ನಾನೇ ಕ್ಯಾಮೆರಾ ಹಿಡಿದಿದ್ದೆ. ಅವತ್ತು ಇಡ್ವಾಲ್ ಕೋಟಿನ ಜೇಬಿನಿಂದ ಆ ಕಾರ್ಡು ತೆಗೆದು ಓಸಿಯನ್ ಕೈಗೆ ಕೊಟ್ಟಿದ್ದ. ಹಾಗಾಗಿ ಆ ರಾತ್ರಿ ವೇಲ್ಸಿನ ಮನೆಮನೆಗಳಲ್ಲಿ ಮೊದಲು ಎತ್ತಿನ ಗುಂಡಿಗೆಯ ತಮಾಷೆ ಕೇಳಿಸಿತು. ಅದರ ಬೆನ್ನಿಗೇ ಏದುಸಿರು, ಮೂರು ಸಲ ನಿಂತ ಹೆಜ್ಜೆ, "ಶುಕ್ರವಾರ ಬರ್ತೀನಿ" ಎಂಬ ದನಿ. ಆಮೇಲೆ ಕುರ್ಚಿಯಲ್ಲಿ ಕೂತ ಇಡ್ವಾಲ್.

"ಕೇಳಿದ್ರಲ್ಲ. ಹದಿನೈದು ವರ್ಷದಿಂದ ನಿಮಗೆಲ್ಲ ಡಾಕ್ಟರ ಹತ್ರ ಹೋಗಿ ಅಂತ ಬುದ್ಧಿ ಹೇಳ್ತಿದ್ದೋನು ಇವನೇ. ನಮ್ಮ ನೆರಿಸ್ ಪ್ರಾಸರ್ ಇದನ್ನ ಕೇಳಿಸ್ಕೊಂಡ್ಳು. ಅವಳ ಬಾಯಿ ಕಟ್ಟಿದ್ದು ನಾನು. ತಪ್ಪು ಅವಳದಲ್ಲ."

ಆ ಕಂತನ್ನು ನಾನು ನೆರಿಸ್‌ಳ ಮನೆಯಲ್ಲಿ ಕೂತು ನೋಡಿದೆ. ಅವಳು ತನ್ನ ಹೆಸರು ಬಂದಾಗ ಎದ್ದು ಅಡುಗೆಮನೆಗೆ ಹೋದಳು, ಸುಮಾರು ಹೊತ್ತು ಬರಲಿಲ್ಲ. ಬಂದ ಮೇಲೆ ನಾನು ಕೇಳಿದೆ: ಇನ್ನೊಮ್ಮೆ ಹಾಗಾದರೆ ಏನು ಮಾಡುತ್ತೀ?

"ಅವನು ದಿಬ್ಬ ಇಳಿಯೋಕೆ ಮುಂಚೆ ಹೇಳ್ತೀನಿ, ಎಲ್ಲರಿಗೂ. ಅವನು ಜನ್ಮದಲ್ಲಿ ನನ್ನ ಹತ್ರ ಮಾತಾಡದಿದ್ರೂ ಸರಿ. ಆ ಗಿರಣಿಯವನ ಕೆಲಸ ಹೋಯ್ತು ಅಂತ ನಾನು ಇಷ್ಟು ವರ್ಷ ಕೊರಗಿದೆ. ಮಗ್ಗದ ಮೇಲೆ ಮೂರ್ಛೆ ಹೋಗಿದ್ರೆ ಅವನ ಕೈ ಹೋಗ್ತಿತ್ತು ಅನ್ನೋದು ಒಂದಿನವೂ ಹೊಳೀಲಿಲ್ಲ ನೋಡು."

ಸೋಫಾದ ಮೂಲೆಯಲ್ಲಿ ಹೈವೆಲ್ ಕೂತಿದ್ದ. ಮೂವತ್ತು ವರ್ಷ ಬೆಟ್ಟದ ಹಳ್ಳಿಗಳಿಗೆ ಅಂಚೆ ಹಂಚಿದ ಆಳು, ಮಾತು ಕಡಿಮೆ. ಅವನು ಟೀವಿ ಆರಿಸಿ, ಕೈಯಲ್ಲಿದ್ದ ರಿಮೋಟನ್ನು ತಿರುಗಿಸುತ್ತ ಹೇಳಿದ.

"ನೆರಿಸ್, ನಂಗೂ ಮೆಟ್ಟಿಲು ಹತ್ತುವಾಗ ಹಾಗೇ ಆಗುತ್ತೆ. ಕ್ರಿಸ್‌ಮಸ್‌ನಿಂದ."

ಅವಳು ಅವನನ್ನೇ ನೋಡುತ್ತ ನಿಂತಳು. ಆಮೇಲೆ ಅವಳ ಬಾಯಿಂದ ಹೊರಟ ಬೈಗುಳವನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ರಾತ್ರಿ ಅವಳು ಅವನನ್ನು ಮಹಡಿ ಹತ್ತಲು ಬಿಡದೆ ಕೆಳಗೇ ಮಲಗಿಸಿದಳು. ಬೆಳಿಗ್ಗೆ ಎಂಟಕ್ಕೆ ಡಾಕ್ಟರ ಬಾಗಿಲು ತೆರೆಯುವ ಮೊದಲೇ ಇಬ್ಬರೂ ಅಲ್ಲಿದ್ದರು. ಅವರಿಗಿಂತ ಮುಂದೆ ಇನ್ನೂ ಐವರು ಗಂಡಸರು ಟೋಪಿ ಕೈಯಲ್ಲಿ ಹಿಡಿದು ಮಳೆಯಲ್ಲಿ ನಿಂತಿದ್ದರಂತೆ, ಒಬ್ಬರ ಮುಖ ಒಬ್ಬರು ನೋಡದೆ.

ಹೈವೆಲ್‌ನದು ಅಷ್ಟು ಮುಂದುವರಿದಿರಲಿಲ್ಲ. ಮೂರು ಗುಳಿಗೆ ಬರೆದುಕೊಟ್ಟರು, ಬೆಣ್ಣೆ ಕಡಿಮೆ ಮಾಡಲು ಹೇಳಿದರು. ಈಗ ದಿನಾ ಬೆಳಿಗ್ಗೆ ಅವನು ಚಹಾದ ಜೊತೆ ಅವನ್ನು ನುಂಗುತ್ತಾನೆ. ಗುಳಿಗೆ ಗಂಟಲಿನಿಂದ ಇಳಿಯುವವರೆಗೆ ನೆರಿಸ್ ಎದುರಿಗೆ ಕೂತಿರುತ್ತಾಳೆ.